ಇಂಗ್ಲಿಷ್ ಕ್ರಿಯಾಪದದ ಕಾಲಗಳು: ಕನ್ನಡದ ‘ಇಲ್ಲ’ದಿಂದ ಹೊರಡುವ ಒಂದು ದಾರಿ

ಬಳ್ಳಾರಿಯಲ್ಲಿ ನಾನು ಸಂಜೆ ಹೊತ್ತು ನಡೆಸುವ ಇಂಗ್ಲಿಷ್ ತರಗತಿಗೆ ಜೀನ್ಸ್ ಘಟಕಗಳಲ್ಲಿ ಹೊಲಿಗೆ ಮಾಡುವವರು, ತೋರಣಗಲ್ಲಿನ ಕಡೆ ಕೆಲಸ ಹುಡುಕುತ್ತಿರುವ ಡಿಪ್ಲೊಮಾ ಓದಿದ ಹುಡುಗರು, ಸಂಡೂರು ಮತ್ತು ಕುರುಗೋಡಿನಿಂದ ಬಸ್ಸಿನಲ್ಲಿ ಬರುವ ಕಾಲೇಜು ಹುಡುಗಿಯರು ಬರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಹನ್ನೆರಡು ಮನೆಗಳ ಒಂದು ಕೋಷ್ಟಕ ಮೊದಲೇ ಬಾಯಿಪಾಠವಾಗಿರುತ್ತದೆ. ಅಡ್ಡಕ್ಕೆ ಪ್ರೆಸೆಂಟ್, ಪಾಸ್ಟ್, ಫ್ಯೂಚರ್. ಉದ್ದಕ್ಕೆ ಸಿಂಪಲ್, ಕಂಟಿನ್ಯೂಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯೂಯಸ್. ಕೇಳಿದರೆ ತಡವರಿಸದೆ ಒಪ್ಪಿಸುತ್ತಾರೆ. ಆದರೆ ‘ನಿನ್ನೆ ಯಾಕೆ ಬರಲಿಲ್ಲ?’ ಎಂದು ಇಂಗ್ಲಿಷಿನಲ್ಲಿ ಕೇಳಿದೊಡನೆ ‘ಐ ಡಿಡ್ ನಾಟ್ ಕೇಮ್, ಐ ಆಮ್ ಹ್ಯಾವಿಂಗ್ ಫೀವರ್’ ಎಂಬ ಉತ್ತರ ಬರುತ್ತದೆ.

ಕೋಷ್ಟಕದಲ್ಲಿ ತಪ್ಪೇನೂ ಇಲ್ಲ. ಅದು ಕ್ರಿಯಾಪದದ ರೂಪಗಳನ್ನು ತೋರಿಸುತ್ತದೆಯೇ ಹೊರತು ಯಾವ ಸಂದರ್ಭಕ್ಕೆ ಯಾವ ರೂಪ ಎಂಬುದನ್ನು ಹೇಳುವುದಿಲ್ಲ. ರೂಪವನ್ನು ಆರಿಸುವ ಗಳಿಗೆಯಲ್ಲಿ ನಮ್ಮ ಮನಸ್ಸು ಕನ್ನಡದ ಕ್ರಿಯಾಪದವನ್ನೇ ಹಿಡಿದುಕೊಂಡಿರುತ್ತದೆ. ಆದ್ದರಿಂದ ‘ಇಂಗ್ಲಿಷಿನಲ್ಲೇ ಯೋಚಿಸಿ’ ಎಂಬ ಸಲಹೆ ಕೇಳಲು ಚೆಂದ, ಹೊಸಬರಿಗೆ ಅದರಿಂದ ಉಪಯೋಗವಾದದ್ದನ್ನು ನಾನು ಕಂಡಿಲ್ಲ. ಕನ್ನಡದ ಕ್ರಿಯಾಪದ ಬಹಳ ಕಡೆ ಇಂಗ್ಲಿಷಿನ ಕಾಲವನ್ನು ತಾನೇ ತೋರಿಸಿಕೊಡುತ್ತದೆ, ಕೆಲವೇ ಕಡೆ ದಾರಿ ತಪ್ಪಿಸುತ್ತದೆ. ತೋರಿಸುವ ಕಡೆ ಅದನ್ನು ನಂಬುವುದು, ತಪ್ಪಿಸುವ ಜಾಗಗಳನ್ನು ಗುರುತು ಹಾಕಿಕೊಳ್ಳುವುದು ಈ ಲೇಖನದ ಕ್ರಮ.

ಮೊದಲು ಕೈಗೆ ಬೇಕಾದ ಸಾಮಾನು

ಇಂಗ್ಲಿಷ್ ಕ್ರಿಯಾಪದಕ್ಕೆ ಕಲಿಯುವವರು ವಿ1, ವಿ2, ವಿ3 ಎಂದು ಕರೆಯುವ ಮೂರು ರೂಪಗಳಿವೆ: ‘ರೈಟ್, ರೋಟ್, ರಿಟನ್’, ‘ಗೋ, ವೆಂಟ್, ಗಾನ್’. ಇವುಗಳ ಜೊತೆಗೆ ‘ಇಂಗ್’ ಹಚ್ಚಿದ ‘ರೈಟಿಂಗ್’ ಇದೆ. ಸಹಾಯಕ ಕ್ರಿಯಾಪದಗಳ ಮುಖ್ಯ ಮನೆತನಗಳೂ ಮೂರೇ. ‘ಡು, ಡಸ್, ಡಿಡ್’ ಬಂದರೆ ಮುಂದೆ ವಿ1 ಬರಬೇಕು. ‘ಹ್ಯಾವ್, ಹ್ಯಾಸ್, ಹ್ಯಾಡ್’ ಬಂದರೆ ವಿ3. ‘ಆಮ್, ಈಸ್, ಆರ್, ವಾಸ್, ವರ್’ ಬಂದರೆ ಕರ್ತರಿ ಪ್ರಯೋಗದಲ್ಲಿ ‘ಇಂಗ್’, ಕರ್ಮಣಿಯಲ್ಲಿ ವಿ3. ಈ ಮೂರರ ಹೊರಗಿನ ‘ವಿಲ್’ ಬಂದರೆ ಮತ್ತೆ ವಿ1. ಇಷ್ಟನ್ನು ಕಂಠಪಾಠ ಮಾಡಲೇಬೇಕು, ಅದಕ್ಕೆ ಒಳದಾರಿ ಇಲ್ಲ. ‘ಗೋ’, ‘ಕಮ್’, ‘ಸೀ’, ‘ಟೇಕ್’, ‘ಗಿವ್’, ‘ಬ್ರೇಕ್’ ಮೊದಲಾದ ದಿನಬಳಕೆಯ ಅನಿಯಮಿತ ಕ್ರಿಯಾಪದಗಳನ್ನು ದಿನಕ್ಕೆ ಐದರಂತೆ ಕಲಿತರೆ ಒಂದು ತಿಂಗಳಿಗೆ ಮಾತಿಗೆ ಸಾಕಾಗುವಷ್ಟಾಗುತ್ತವೆ.

‘ಇಲ್ಲ’ ಹಚ್ಚಿ ನೋಡುವುದು

ಈಗ ಮುಖ್ಯ ಹೆಜ್ಜೆ. ನೀವು ಹೇಳಬೇಕಾದ ವಾಕ್ಯವನ್ನು ಮೊದಲು ಕನ್ನಡದಲ್ಲಿ ನಿಷೇಧರೂಪಕ್ಕೆ ತಿರುಗಿಸಿ. ಕನ್ನಡದ ನಿಷೇಧರೂಪ ಇಂಗ್ಲಿಷಿನ ಕಾಲಗಳಿಗೆ ಎಷ್ಟು ಹತ್ತಿರದಲ್ಲಿದೆ ಎಂಬುದನ್ನು ‘ಬರೆ’ ಎಂಬ ಒಂದೇ ಧಾತುವಿನಿಂದ ನೋಡಬಹುದು. ‘ನಾನು ಬರೆಯಲಿಲ್ಲ’ ಎಂದರೆ ‘ಐ ಡಿಡ್ ನಾಟ್ ರೈಟ್’. ‘ನಾನು ಬರೆದಿಲ್ಲ’ ಎಂದರೆ ‘ಐ ಹ್ಯಾವ್ ನಾಟ್ ರಿಟನ್’. ‘ನಾನು ಬರೆದಿರಲಿಲ್ಲ’ ಎಂದರೆ ‘ಐ ಹ್ಯಾಡ್ ನಾಟ್ ರಿಟನ್’. ‘ಬರೆಯುತ್ತಿಲ್ಲ’ ಎಂಬುದು ‘ಆಮ್ ನಾಟ್ ರೈಟಿಂಗ್’, ‘ಬರೆಯುತ್ತಿರಲಿಲ್ಲ’ ಎಂಬುದು ‘ವಾಸ್ ನಾಟ್ ರೈಟಿಂಗ್’. ‘ಬರೆಯುವುದಿಲ್ಲ’ ಮಾತ್ರ ‘ಡು ನಾಟ್ ರೈಟ್’ ಕೂಡ ಆಗಬಹುದು, ‘ವಿಲ್ ನಾಟ್ ರೈಟ್’ ಕೂಡ ಆಗಬಹುದು. ಆ ತಕರಾರನ್ನು ಮುಂದೆ ಬಗೆಹರಿಸೋಣ.

ಇದರಲ್ಲಿ ಇನ್ನೂ ಸೂಕ್ಷ್ಮವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ‘ಹೋದೆ’ ಎಂಬ ಭೂತಕಾಲದ ವಾಕ್ಯವನ್ನು ನಿಷೇಧಿಸುವಾಗ ನಾವು ‘ಹೋದಲಿಲ್ಲ’ ಎನ್ನುವುದಿಲ್ಲ, ‘ಹೋಗಲಿಲ್ಲ’ ಎನ್ನುತ್ತೇವೆ. ಅಂದರೆ ಭೂತಕಾಲದ ಗುರುತು ಧಾತುವನ್ನು ಬಿಟ್ಟುಹೋಗಿ ‘ಲಿಲ್ಲ’ ಎಂಬುದರೊಳಗೆ ಸೇರಿಕೊಂಡಿತು, ಧಾತು ತನ್ನ ಮೂಲರೂಪಕ್ಕೆ ಮರಳಿತು. ಇಂಗ್ಲಿಷಿನಲ್ಲೂ ಆಗುವುದು ಇದೇ. ‘ವೆಂಟ್’ ಎಂಬುದರಲ್ಲಿದ್ದ ಭೂತಕಾಲವನ್ನು ‘ಡಿಡ್’ ಹೊತ್ತುಕೊಳ್ಳುತ್ತದೆ, ಕ್ರಿಯಾಪದ ‘ಗೋ’ ಆಗುತ್ತದೆ. ಆದ್ದರಿಂದ ‘ಡಿಡ್ ನಾಟ್ ವೆಂಟ್’ ಎನ್ನುವುದು ‘ಹೋದಲಿಲ್ಲ’ ಎಂದಷ್ಟೇ ವಿಚಿತ್ರವಾಗಿ ಕೇಳಿಸುತ್ತದೆ. ತರಗತಿಯಲ್ಲಿ ‘ಡಿಡ್ ಬಂದರೆ ವಿ1’ ಎಂಬ ನಿಯಮವನ್ನು ಹತ್ತು ಸಲ ಹೇಳಿದರೂ ಹೋಗದ ತಪ್ಪು, ‘ನೀನು ಹೋದಲಿಲ್ಲ ಅಂದಿ ನೋಡು’ ಎಂದು ಒಮ್ಮೆ ಹೇಳಿದರೆ ನಗುವಿನ ಜೊತೆಗೆ ಹೊರಟುಹೋಗುತ್ತದೆ. ಹಾಗೆಯೇ ‘ಬರೆದಿಲ್ಲ’ ಎಂಬಲ್ಲಿ ‘ಬರೆದು’ ಎಂಬ ಕೃದಂತ ಹಾಗೇ ಉಳಿಯುತ್ತದೆ. ಇಂಗ್ಲಿಷಿನ ‘ಹ್ಯಾವ್ ನಾಟ್’ ಮುಂದೆಯೂ ವಿ3 ಎಂಬ ಕೃದಂತವೇ ಉಳಿಯುತ್ತದೆ.

ನಿಷೇಧರೂಪ ಸಿಕ್ಕ ಮೇಲೆ ‘ನಾಟ್’ ತೆಗೆದುಹಾಕಿದರೆ ನಿಮಗೆ ಬೇಕಾದ ವಾಕ್ಯ ಸಿಗುತ್ತದೆ. ‘ಐ ಹ್ಯಾವ್ ನಾಟ್ ರಿಟನ್’ ಎಂಬುದರಿಂದ ‘ಐ ಹ್ಯಾವ್ ರಿಟನ್’ ಸಿಗುವುದು ಸುಲಭ. ‘ಡಿಡ್ ನಾಟ್’ ತೆಗೆದಾಗ ಮಾತ್ರ ‘ಡಿಡ್’ ಹೊತ್ತಿದ್ದ ಭೂತಕಾಲವನ್ನು ಕ್ರಿಯಾಪದಕ್ಕೆ ಹಿಂದಿರುಗಿಸಬೇಕು: ‘ಐ ರೋಟ್’. ಪ್ರಶ್ನೆ ಕೇಳುವಾಗಲೂ ಇದೇ ಲೆಕ್ಕ: ‘ಡಿಡ್ ಯು ರೈಟ್?’, ‘ಹ್ಯಾವ್ ಯು ರಿಟನ್?’.

ಆಡುಮಾತಿನ ಉಪಕಾರ

ಬರವಣಿಗೆಯ ಕನ್ನಡಕ್ಕಿಂತ ಕೊಪ್ಪಳ, ರಾಯಚೂರು ಕಡೆಯ ಆಡುಮಾತು ಈ ವಿಷಯದಲ್ಲಿ ಹೆಚ್ಚು ಸ್ಪಷ್ಟವಾಗಿದೆ ಎಂಬುದು ನನ್ನ ಅನುಭವ. ‘ಅಂವ ಬಂದ’, ‘ಅಂವ ಬಂದಾನ’, ‘ಅಂವ ಬರಾಕತ್ತಾನ’, ‘ಅಂವ ಬರ್ತಾನ’ ಎಂಬ ನಾಲ್ಕು ಮಾತುಗಳನ್ನು ನಮ್ಮಲ್ಲಿ ಯಾವ ಮಗುವೂ ಒಂದಕ್ಕೊಂದು ಬೆರೆಸುವುದಿಲ್ಲ. ‘ಬಂದ’ ಎಂದರೆ ‘ಹಿ ಕೇಮ್’. ‘ಬಂದಾನ’ ಎಂದರೆ ಬಂದವನು ಈಗಲೂ ಇಲ್ಲೇ ಇದ್ದಾನೆ, ಅಂದರೆ ‘ಹಿ ಹ್ಯಾಸ್ ಕಮ್’. ‘ಬರಾಕತ್ತಾನ’ ಎಂದರೆ ದಾರಿಯಲ್ಲಿದ್ದಾನೆ, ‘ಹಿ ಈಸ್ ಕಮಿಂಗ್’. ‘ಬರ್ತಾನ’ ಎಂಬುದು ದಿನವೂ ಬರುವ ರೂಢಿಗೆ ‘ಹಿ ಕಮ್ಸ್’, ನಾಳೆಯ ಮಾತಿಗೆ ‘ಹಿ ವಿಲ್ ಕಮ್’. ಮನೆಗೆ ಬಂದವರು ಅಣ್ಣನನ್ನು ಕೇಳಿದಾಗ ‘ಹೊಸಪೇಟೆಗೆ ಹೋಗ್ಯಾನ್ರಿ’ ಎನ್ನುತ್ತೀರಲ್ಲ, ಅದು ಅಚ್ಚುಕಟ್ಟಾದ ಪ್ರೆಸೆಂಟ್ ಪರ್ಫೆಕ್ಟ್: ‘ಹಿ ಹ್ಯಾಸ್ ಗಾನ್ ಟು ಹೊಸಪೇಟೆ’. ಹೋದವನು ಇನ್ನೂ ಮರಳಿಲ್ಲ ಎಂಬ ಅರ್ಥ ಎರಡೂ ಭಾಷೆಗಳಲ್ಲಿ ಒಂದೇ ತೆರನಾಗಿ ಇದೆ. ಆದರೆ ‘ನಾನು ಹಂಪಿಗೆ ಹೋಗೀನಿ’ ಎಂದು ಜೀವನದ ಅನುಭವವಾಗಿ ಹೇಳುವಾಗ ನೀವು ಇಲ್ಲೇ ಕುಳಿತಿರುತ್ತೀರಿ. ಅಲ್ಲಿ ಇಂಗ್ಲಿಷ್ ‘ಗಾನ್’ ಬಿಟ್ಟು ‘ಬೀನ್’ ಹಿಡಿಯುತ್ತದೆ, ‘ಐ ಹ್ಯಾವ್ ಬೀನ್ ಟು ಹಂಪಿ’.

ಆಡುಮಾತು ಎಂದು ಕೀಳರಿಮೆ ಪಡದೆ, ಅನುವಾದ ಮಾಡುವ ಮುನ್ನ ವಾಕ್ಯವನ್ನು ಮನೆಯಲ್ಲಿ ಆಡುವ ಹಾಗೆಯೇ ಒಮ್ಮೆ ಹೇಳಿಕೊಳ್ಳಿ. ‘ಆನ’, ‘ಈನಿ’, ‘ಆರ’ ಎಂದು ಭೂತಕಾಲದ ಬುಡಕ್ಕೆ ವರ್ತಮಾನದ ಬಾಲ ಅಂಟಿಕೊಂಡು ಬಂದರೆ ‘ಹ್ಯಾವ್’ ಅಥವಾ ‘ಹ್ಯಾಸ್’; ‘ಆಕತ್ತ’ ಬಂದರೆ ‘ಇಂಗ್’. ಮನೆಯಲ್ಲಿ ತೆಲುಗು ಮಾತಾಡುವ ಬಳ್ಳಾರಿಯ ಹುಡುಗರು ಕೂಡ ಬೀದಿಯಲ್ಲಿ ಕಲಿತ ಈ ಕನ್ನಡದಿಂದ ಸಲೀಸಾಗಿ ದಾರಿ ಹಿಡಿಯುತ್ತಾರೆ.

‘ಇಂಗ್’ ಹಚ್ಚಬಾರದ ಮಾತುಗಳಿಗೂ ಕನ್ನಡದಲ್ಲೇ ಸುಳಿವಿದೆ. ‘ಗೊತ್ತು’, ‘ಬೇಕು’, ‘ಇಷ್ಟ’ ಎಂಬ ಪದಗಳು ಹಾಗೇ ನಿಂತು ವಾಕ್ಯವನ್ನು ಮುಗಿಸುತ್ತವೆ; ‘ನನಗೆ ಬೇಕುತ್ತಿದೆ’ ಎಂದು ಯಾರೂ ಹೇಳುವುದಿಲ್ಲ. ಅವಕ್ಕೆ ಸಮನಾದ ‘ನೋ’, ‘ವಾಂಟ್’, ‘ಲೈಕ್’ ಎಂಬ ಕ್ರಿಯಾಪದಗಳೂ ಶಿಷ್ಟ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಇಂಗ್’ ಒಲ್ಲವು. ‘ನನಗೆ ಇಬ್ಬರು ತಮ್ಮಂದಿರು ಇದ್ದಾರೆ’ ಎಂಬುದು ಇರುವಿಕೆ, ಆದ್ದರಿಂದ ‘ಐ ಹ್ಯಾವ್ ಟೂ ಬ್ರದರ್ಸ್’; ‘ಐ ಆಮ್ ಹ್ಯಾವಿಂಗ್’ ಎನ್ನಬಾರದು. ‘ಊಟ ಮಾಡಾಕತ್ತೀನಿ’ ಎಂಬುದು ಮಾಡುವಿಕೆ, ಅಲ್ಲಿ ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ.

ತಾರೀಖು ಬಂದರೆ ‘ಹ್ಯಾವ್’ ಹೊರಗೆ

ಈಗ ಕನ್ನಡ ದಾರಿ ತಪ್ಪಿಸುವ ಮೊದಲ ಜಾಗ. ‘ನಾನು 2019ರಲ್ಲಿ ಡಿಪ್ಲೊಮಾ ಮುಗಿಸಿದ್ದೇನೆ’ ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳುತ್ತೇವೆ, ಅರ್ಜಿಗಳಲ್ಲಿ ಹಾಗೆಯೇ ಬರೆಯುತ್ತೇವೆ. ಅದನ್ನು ‘ಐ ಹ್ಯಾವ್ ಕಂಪ್ಲೀಟೆಡ್ ಡಿಪ್ಲೊಮಾ ಇನ್ 2019’ ಎಂದು ಅನುವಾದಿಸಿದರೆ ತಪ್ಪಾಗುತ್ತದೆ. ಇಂಗ್ಲಿಷಿನ ‘ಹ್ಯಾವ್’ ಈ ಹೊತ್ತಿಗೆ ಕಟ್ಟಿಹಾಕಿದ ಪದ. ಮುಗಿದುಹೋದ ಸಮಯವನ್ನು ಸೂಚಿಸುವ ‘ಯೆಸ್ಟರ್‌ಡೇ’, ‘ಲಾಸ್ಟ್ ವೀಕ್’, ‘ಇನ್ 2019’, ‘ಟೆನ್ ಇಯರ್ಸ್ ಅಗೋ’ ಮೊದಲಾದ ಮಾತುಗಳು ಅದರ ಜೊತೆಗೆ ಕೂರುವುದಿಲ್ಲ. ‘ಐ ಕಂಪ್ಲೀಟೆಡ್ ಮೈ ಡಿಪ್ಲೊಮಾ ಇನ್ 2019’ ಎನ್ನಬೇಕು, ಇಲ್ಲವೇ ವರ್ಷವನ್ನು ಕೈಬಿಟ್ಟು ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಪ್ಲೊಮಾ’ ಎನ್ನಬೇಕು.

ಇದನ್ನು ನಮ್ಮ ಕಡೆಯ ಎಲ್ಲರಿಗೂ ನೆನಪಿರುವ ಒಂದು ಘಟನೆಯಿಂದ ವಿವರಿಸುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ, ಗೇಟು ಕೊಚ್ಚಿಕೊಂಡು ಹೋಯಿತು. ಆ ರಾತ್ರಿಯೇ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ಇಂಗ್ಲಿಷಿನಲ್ಲಿ ಸುದ್ದಿ ಹೇಳಿದರು ಎಂದುಕೊಳ್ಳಿ. ಅವರು ಹೇಳಬೇಕಾದದ್ದು ‘ದ ಚೈನ್ ಹ್ಯಾಸ್ ಬ್ರೋಕನ್’. ಚೈನ್ ಈಗ ತುಂಡಾಗಿ ಬಿದ್ದಿದೆ, ನೀರು ಈಗ ಹರಿಯುತ್ತಿದೆ, ಏನಾದರೂ ಮಾಡಬೇಕು ಎಂಬುದೆಲ್ಲ ಆ ‘ಹ್ಯಾಸ್’ ಒಳಗೆ ಇದೆ. ಅದೇ ವ್ಯಕ್ತಿ ಮರುವರ್ಷ ವರದಿ ಬರೆಯುವಾಗ ‘ದ ಚೈನ್ ಬ್ರೋಕ್ ಆನ್ ದ ನೈಟ್ ಆಫ್ ಆಗಸ್ಟ್ 10, 2024’ ಎನ್ನಬೇಕು. ರಾತ್ರಿ, ತಾರೀಖು ಎಲ್ಲ ಮುಗಿದ ಕಾಲಕ್ಕೆ ಸೇರಿದವು. ಸುಮಾರು ಒಂದು ವಾರದ ನಂತರ ಆ ಜಾಗಕ್ಕೆ ಸ್ಟಾಪ್ ಲಾಗ್, ಅಂದರೆ ನೀರು ತಡೆಯುವ ತಾತ್ಕಾಲಿಕ ಅಡ್ಡಗಟ್ಟು, ಇಳಿಸಿದರು. ಅದನ್ನು ಹೇಳುವಾಗ ಎರಡು ಭೂತಕಾಲಗಳು ಎದುರುಬದುರಾಗುತ್ತವೆ: ‘ಬೈ ದ ಟೈಮ್ ದ ಸ್ಟಾಪ್ ಲಾಗ್ಸ್ ವೆಂಟ್ ಇನ್, ಎ ಲಾಟ್ ಆಫ್ ವಾಟರ್ ಹ್ಯಾಡ್ ಫ್ಲೋನ್ ಔಟ್’ ಎನ್ನಲು ಹೋಗಿ ಒಬ್ಬ ವಿದ್ಯಾರ್ಥಿ ನಿಂತ. ‘ಫ್ಲೋನ್’ ಎಂಬ ಪದ ಇಲ್ಲ, ‘ಫ್ಲೋ’ ನಿಯಮಿತ ಕ್ರಿಯಾಪದ, ‘ಹ್ಯಾಡ್ ಫ್ಲೋಡ್ ಔಟ್’ ಎನ್ನಬೇಕು ಎಂದು ತಿದ್ದಿದೆ. ರೂಪ ತಪ್ಪಿದ್ದರೂ ಕಾಲವನ್ನು ಆತ ಸರಿಯಾಗಿ ಆರಿಸಿದ್ದ. ನನಗೆ ಅದು ಹೆಚ್ಚು ಖುಷಿ ಕೊಟ್ಟಿತು. ಸ್ಟಾಪ್ ಲಾಗ್ ಇಳಿದದ್ದು ಆಮೇಲೆ, ನೀರು ಹರಿದುಹೋದದ್ದು ಮೊದಲು, ಮೊದಲಿನದಕ್ಕೆ ‘ಹ್ಯಾಡ್’.

‘ಊಟ ಆಯ್ತಾ?’ ಎಂಬುದು ಇದಕ್ಕೆ ತಿರುಗುಮುರುಗಾದ ಪ್ರಸಂಗ. ಕನ್ನಡದಲ್ಲಿ ಅದು ಸರಳ ಭೂತಕಾಲ, ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಹ್ಯಾವ್ ಯು ಹ್ಯಾಡ್ ಯುವರ್ ಲಂಚ್?’. ಅಮೆರಿಕದವರು ‘ಡಿಡ್ ಯು ಈಟ್?’ ಎಂದೂ ಕೇಳುತ್ತಾರೆ, ಅದನ್ನು ತಪ್ಪೆನ್ನುವಂತಿಲ್ಲ.

‘ಮೂರು ವರ್ಷದಿಂದ’

ಎರಡನೆಯ ಜಾಗ ಅವಧಿಯದು. ‘ಮೂರು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬ ವಾಕ್ಯದಲ್ಲಿ ‘ಮಾಡುತ್ತಿದ್ದೇನೆ’ ಇರುವುದರಿಂದ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್’ ಎಂದು ಬಾಯಿಗೆ ಬರುತ್ತದೆ. ಇದರಲ್ಲಿ ಎರಡು ತಪ್ಪುಗಳಿವೆ. ಹಿಂದೆ ಶುರುವಾಗಿ ಈಗಿನವರೆಗೂ ಬಂದ ಕೆಲಸವನ್ನು ಇಂಗ್ಲಿಷ್ ‘ಆಮ್’ ಎಂದಷ್ಟೇ ಹೇಳಿದರೆ ಒಪ್ಪುವುದಿಲ್ಲ, ‘ಹ್ಯಾವ್ ಬೀನ್’ ಬೇಕು. ಇನ್ನು ಕನ್ನಡದ ‘ಇಂದ’ ಎರಡು ಕೆಲಸ ಮಾಡುತ್ತದೆ: ‘2021ರಿಂದ’ ಎಂದರೆ ಶುರುವಾದ ಬಿಂದು, ‘ಮೂರು ವರ್ಷದಿಂದ’ ಎಂದರೆ ಉದ್ದ. ಇಂಗ್ಲಿಷ್ ಬಿಂದುವಿಗೆ ‘ಸಿನ್ಸ್’, ಉದ್ದಕ್ಕೆ ‘ಫಾರ್’ ಎಂದು ಬೇರೆ ಬೇರೆ ಪದ ಇಟ್ಟುಕೊಂಡಿದೆ. ಆದ್ದರಿಂದ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್’ ಅಥವಾ ‘ಸಿನ್ಸ್ 2021’. ‘ಇಂದ’ವನ್ನು ತೆಗೆದು ‘ಕಾಲ’ ಎಂದು ಹಾಕಿ ನೋಡಿ. ‘ಮೂರು ವರ್ಷ ಕಾಲ’ ಎಂಬುದು ಹೊಂದುತ್ತದೆ, ‘2021 ಕಾಲ’ ಎಂಬುದು ಹೊಂದುವುದಿಲ್ಲ. ಹೊಂದಿದರೆ ‘ಫಾರ್’.

‘ಹೋಗಿದ್ದೆ’ ಎಂಬ ಬಲೆ

ಮೂರನೆಯದು ಎಲ್ಲಕ್ಕಿಂತ ಆಳವಾದ ಬಲೆ. ನಾನೂ ಅದರಲ್ಲಿ ಬಿದ್ದವನೇ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಒಂದು ಕಾರ್ಖಾನೆಯಲ್ಲಿ ಸಂದರ್ಶನಕ್ಕೆ ಕುಳಿತಿದ್ದೆ. ಎದುರಿಗಿದ್ದವರು ‘ಹ್ಯಾವ್ ಯು ವರ್ಕ್ಡ್ ಎನಿವೇರ್ ಬಿಫೋರ್?’ ಎಂದರು. ಮನಸ್ಸಿನಲ್ಲಿ ‘ಗಂಗಾವತಿಯಲ್ಲಿ ಕೆಲಸ ಮಾಡಿದ್ದೆ’ ಎಂದು ಬಂತು, ಬಾಯಲ್ಲಿ ‘ಐ ಹ್ಯಾಡ್ ವರ್ಕ್ಡ್ ಇನ್ ಗಂಗಾವತಿ’ ಎಂದು ಹೊರಟಿತು. ಅವರು ಪೆನ್ನನ್ನು ಕಾಗದದಿಂದ ಸ್ವಲ್ಪ ಎತ್ತಿ ಹಿಡಿದು ನನ್ನನ್ನೇ ನೋಡುತ್ತಾ ಕಾದರು. ನಾನು ಮಾತು ಮುಗಿಸಿಯಾಗಿತ್ತು. ಅವರು ‘ಆಂಡ್ ದೆನ್?’ ಎಂದರು. ಆಮೇಲೆ ಎಲ್ಲಿ ಕೆಲಸ ಮಾಡಿದೆ ಎಂದು ಕೇಳುತ್ತಿದ್ದಾರೆ ಅಂದುಕೊಂಡು ನಾನು ‘ನಥಿಂಗ್, ಸರ್’ ಎಂದೆ. ಅವರು ಕಾದದ್ದು ನನ್ನ ಮುಂದಿನ ನೌಕರಿಗಲ್ಲ, ನನ್ನ ವಾಕ್ಯದ ಉಳಿದ ಅರ್ಧಕ್ಕೆ ಎಂಬುದು ಅರ್ಥವಾಗಲು ನನಗೆ ಬಹಳ ದಿನ ಹಿಡಿಯಿತು.

‘ಹ್ಯಾಡ್’ ಎಂಬುದು ಇಂಗ್ಲಿಷ್ ಕೇಳುಗನ ಕಿವಿಯಲ್ಲಿ ‘ಇದಕ್ಕಿಂತ ಆಮೇಲೆ ಇನ್ನೊಂದು ನಡೆಯಿತು, ಅದನ್ನು ಹೇಳುತ್ತೇನೆ’ ಎಂಬ ಮಾತು ಕೊಡುತ್ತದೆ. ಕನ್ನಡದ ‘ಇದ್ದೆ’ ಅಂಥ ಮಾತು ಕೊಡಲೇಬೇಕೆಂದಿಲ್ಲ. ‘ನಿನ್ನೆ ಹೊಸಪೇಟೆಗೆ ಹೋಗಿದ್ದೆ’ ಎಂದರೆ ಹೋಗಿ ಬಂದೆ, ಆ ಕೆಲಸ ಮುಗಿಯಿತು ಎಂದಷ್ಟೇ. ಇದಕ್ಕೆ ಸರಿಯಾದ ಇಂಗ್ಲಿಷ್ ‘ಐ ವೆಂಟ್ ಟು ಹೊಸಪೇಟೆ ಯೆಸ್ಟರ್‌ಡೇ’. ಇಲ್ಲಿ ‘ಇಲ್ಲ’ದ ಪರೀಕ್ಷೆಯೂ ಕೈಕೊಡುತ್ತದೆ, ಏಕೆಂದರೆ ‘ಹೋಗಿರಲಿಲ್ಲ’ ಎಂದೂ ನಾವು ಸಲೀಸಾಗಿ ಹೇಳುತ್ತೇವೆ. ಆದ್ದರಿಂದ ಬೇರೆ ಪರೀಕ್ಷೆ ಬೇಕು: ವಾಕ್ಯಕ್ಕೆ ‘ಅಷ್ಟರಲ್ಲಾಗಲೇ’ ಎಂಬ ಪದವನ್ನು ಸೇರಿಸಿ. ‘ನಾನು ಸ್ಟೇಷನ್ ಮುಟ್ಟುವಷ್ಟರಲ್ಲಾಗಲೇ ಗಾಡಿ ಹೋಗಿತ್ತು’ ಎಂಬಲ್ಲಿ ಅದು ಹೊಂದುತ್ತದೆ, ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್’ ಸರಿ. ‘ನಿನ್ನೆ ಅಷ್ಟರಲ್ಲಾಗಲೇ ಹೊಸಪೇಟೆಗೆ ಹೋಗಿದ್ದೆ’ ಎಂದರೆ ‘ಯಾವುದರಷ್ಟರಲ್ಲಿ?’ ಎಂದು ನಿಮ್ಮ ಮನಸ್ಸೇ ಕೇಳುತ್ತದೆ. ಅದಕ್ಕೆ ಉತ್ತರ ಇಲ್ಲದಿದ್ದರೆ ‘ಹ್ಯಾಡ್’ ಬೇಡ.

ಅನುಮಾನವಿದ್ದಾಗ ಸರಳ ಭೂತಕಾಲವನ್ನೇ ಆರಿಸಿ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ‘ಹ್ಯಾಡ್’ ಇರಬೇಕಾದ ಕಡೆ ‘ವೆಂಟ್’ ಎಂದರೆ ಹೆಚ್ಚಿನ ಸಲ ಅರ್ಥ ಕೆಡುವುದಿಲ್ಲ. ಬೇಡದ ಕಡೆ ‘ಹ್ಯಾಡ್’ ಎಂದರೆ ಕೇಳುವವರು ಕಾಯುತ್ತಾ ಕೂರುತ್ತಾರೆ.

ನಾಳೆಯ ಮಾತು

‘ಉತ್ತೇನೆ’ ಎಂಬ ಪ್ರತ್ಯಯ ಇಂದಿಗೂ ನಾಳೆಗೂ ಒಂದೇ. ‘ಬರುವೆನು’ ಎಂಬ ಪ್ರತ್ಯೇಕ ಭವಿಷ್ಯದ ರೂಪ ಕಾವ್ಯದಲ್ಲಿ, ಭಾಷಣದಲ್ಲಿ ಉಳಿದಿದೆ. ಸಂತೆಯಲ್ಲಿ ಯಾರೂ ‘ನಾಳೆ ಬರುವೆನು’ ಎನ್ನುವುದಿಲ್ಲ. ಇಂಗ್ಲಿಷಿಗೂ ಭವಿಷ್ಯತ್ತಿಗೆಂದೇ ಪ್ರತ್ಯಯ ಇಲ್ಲ. ‘ವರ್ಕ್’ ಎಂಬುದಕ್ಕೆ ‘ಇಡಿ’ ಹಚ್ಚಿ ಭೂತಕಾಲ ಮಾಡಿದಂತೆ ಏನನ್ನೋ ಹಚ್ಚಿ ಭವಿಷ್ಯತ್ಕಾಲ ಮಾಡಲು ಬರುವುದಿಲ್ಲ, ಅದಕ್ಕಾಗಿ ಬೇರೆ ಪದಗಳನ್ನು ಕರೆತರಬೇಕು. ಈಗ, ಮಾತಿನ ನಡುವೆ ನಿರ್ಧರಿಸಿದ್ದಕ್ಕೆ ‘ವಿಲ್’: ‘ಇರ್ರಿ, ನಾ ತರ್ತೀನಿ’ ಎಂಬುದು ‘ವೇಟ್, ಐ ವಿಲ್ ಬ್ರಿಂಗ್ ಇಟ್’. ಮೊದಲೇ ಗೊತ್ತುಮಾಡಿಕೊಂಡದ್ದಕ್ಕೆ ‘ಇಂಗ್’: ಗವಿಸಿದ್ಧೇಶ್ವರ ಜಾತ್ರೆಗೆ ಗಾಡಿ ಮಾತಾಡಿ ಆಗಿದ್ದರೆ ‘ವಿ ಆರ್ ಗೋಯಿಂಗ್ ಟು ಕೊಪ್ಪಳ ಆನ್ ಸಂಡೇ’. ಕಣ್ಣೆದುರಿಗೆ ಲಕ್ಷಣ ಕಾಣುತ್ತಿದ್ದರೆ ‘ಗೋಯಿಂಗ್ ಟು’: ‘ಮಳೆ ಬರುವ ಹಾಗಿದೆ’ ಎಂಬುದಕ್ಕೆ ‘ಇಟ್ ಈಸ್ ಗೋಯಿಂಗ್ ಟು ರೇನ್’ ಎಂಬುದಕ್ಕಿಂತ ಹತ್ತಿರದ ವಾಕ್ಯ ಇಲ್ಲ. ವೇಳಾಪಟ್ಟಿಯ ಮಾತಿಗೆ ಮಾತ್ರ ಬರಿಯ ವರ್ತಮಾನ: ‘ದ ಹಂಪಿ ಎಕ್ಸ್‌ಪ್ರೆಸ್ ಲೀವ್ಸ್ ಟುನೈಟ್’. ನಾವು ರೈಲಲ್ಲವಾದ್ದರಿಂದ ‘ಐ ಕಮ್ ಟುಮಾರೋ’ ಎನ್ನುವಂತಿಲ್ಲ.

‘ಬಂದರೆ’, ‘ಬಿಟ್ಟರೆ’ ಎಂಬ ರೂಪಗಳಲ್ಲಿ ನಾವು ಭವಿಷ್ಯವನ್ನು ಹಚ್ಚುವುದಿಲ್ಲ. ಇಂಗ್ಲಿಷಿನ ‘ಇಫ್’ ಮುಂದೆಯೂ ‘ವಿಲ್’ ಹಚ್ಚಬೇಡಿ. ‘ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ನಾಟಿ ಮಾಡುತ್ತೇವೆ’ ಎಂದು ಸಿಂಧನೂರಿನ ರೈತರು ಹೇಳುವುದು ‘ಇಫ್ ದೇ ರಿಲೀಸ್ ವಾಟರ್, ವಿ ವಿಲ್ ಪ್ಲಾಂಟ್ ಪ್ಯಾಡಿ’. ‘ವೆನ್’, ‘ಆಫ್ಟರ್’, ‘ಅಂಟಿಲ್’ ಎಂಬ ಕಾಲಸೂಚಕಗಳಿಗೂ ಇದೇ ನಿಯಮ.

ಇನ್ನೊಂದು ಚಿಕ್ಕ ತಮಾಷೆ ಇದೆ. ಒಳಗಿನಿಂದ ಅಮ್ಮ ಕರೆದಾಗ ಎದ್ದೇಳದೆಯೇ ‘ಬಂದೆ, ಬಂದೆ’ ಎನ್ನುತ್ತೇವೆ. ತಿರುವಿನಲ್ಲಿ ಬಸ್ಸಿನ ಮೂತಿ ಕಂಡೊಡನೆ ‘ಬಸ್ ಬಂತು’ ಎನ್ನುತ್ತೇವೆ. ಇಂಗ್ಲಿಷಿಗೆ ಈ ಆತುರ ಇಲ್ಲ: ‘ಐ ಆಮ್ ಕಮಿಂಗ್’, ‘ದ ಬಸ್ ಈಸ್ ಕಮಿಂಗ್’.

ಒಂದು ರಜಾ ಚೀಟಿಯನ್ನು ತಿದ್ದುವುದು

ಅಭ್ಯಾಸಕ್ಕೆ ನಾನು ದೊಡ್ಡ ಪಾಠಗಳನ್ನು ಕೊಡುವುದಿಲ್ಲ. ನೀವು ನಿಜವಾಗಿ ಬರೆದ ನಾಲ್ಕು ಸಾಲನ್ನು ತೆಗೆದುಕೊಂಡು ಒಂದೊಂದೇ ಕ್ರಿಯಾಪದವನ್ನು ವಿಚಾರಣೆ ಮಾಡುವುದು ಸಾಕು. ತರಗತಿಗೆ ಬಂದ ಒಂದು ರಜಾ ಚೀಟಿ ಹೀಗಿತ್ತು: ‘ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್. ಯೆಸ್ಟರ್‌ಡೇ ಐ ಹ್ಯಾವ್ ಗಾನ್ ಟು ಹಾಸ್ಪಿಟಲ್. ಡಾಕ್ಟರ್ ಹ್ಯಾಡ್ ಟೋಲ್ಡ್ ಟು ಟೇಕ್ ರೆಸ್ಟ್. ಇಫ್ ಐ ವಿಲ್ ಬಿಕಮ್ ಆಲ್‌ರೈಟ್, ಐ ಕಮ್ ಆನ್ ಮಂಡೇ.’

ಮೊದಲ ಸಾಲಿನಲ್ಲಿ ಜ್ವರ ಎರಡು ದಿನದ ಹಿಂದೆ ಶುರುವಾಗಿ ಈಗಲೂ ಇದೆ, ‘ಎರಡು ದಿನ ಕಾಲ’ ಎಂಬುದು ಹೊಂದುತ್ತದೆ. ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ಟೂ ಡೇಸ್’. ‘ಸಫರಿಂಗ್’ ಎಂಬ ದೊಡ್ಡ ಪದವನ್ನು ಉಳಿಸಿಕೊಳ್ಳಲೇಬೇಕೆಂದರೆ ‘ಐ ಹ್ಯಾವ್ ಬೀನ್ ಸಫರಿಂಗ್’ ಎನ್ನಬಹುದು, ಆದರೆ ಎರಡು ದಿನದ ಜ್ವರಕ್ಕೆ ಅಷ್ಟು ಬೇಡ. ಎರಡನೆಯದರಲ್ಲಿ ‘ಯೆಸ್ಟರ್‌ಡೇ’ ಇದೆ, ‘ಹ್ಯಾವ್’ ಹೊರಗೆ. ‘ಐ ವೆಂಟ್ ಟು ದ ಹಾಸ್ಪಿಟಲ್ ಯೆಸ್ಟರ್‌ಡೇ’. ಮೂರನೆಯದಕ್ಕೆ ‘ಅಷ್ಟರಲ್ಲಾಗಲೇ’ ಹಚ್ಚಿ ನೋಡಿದರೆ ಹೊಂದುವುದಿಲ್ಲ, ವೈದ್ಯರು ಹೇಳಿದ್ದು ಆಸ್ಪತ್ರೆಗೆ ಹೋದ ಮೇಲೆಯೇ. ‘ದ ಡಾಕ್ಟರ್ ಟೋಲ್ಡ್ ಮಿ ಟು ರೆಸ್ಟ್’. ಇಲ್ಲಿ ಯಾರಿಗೆ ಹೇಳಿದರು ಎಂಬುದನ್ನು ಕನ್ನಡ ಬಿಟ್ಟರೂ ನಡೆಯುತ್ತದೆ, ಇಂಗ್ಲಿಷ್ ಬಿಡುವುದಿಲ್ಲ. ನಾಲ್ಕನೆಯದರಲ್ಲಿ ‘ವಿಲ್’ ತಪ್ಪು ಮನೆಯಲ್ಲಿ ಕುಳಿತಿದೆ. ಅದನ್ನು ಎತ್ತಿ ಪಕ್ಕದ ಮನೆಗೆ ಇಟ್ಟರೆ ‘ಇಫ್ ಐ ಫೀಲ್ ಬೆಟರ್, ಐ ವಿಲ್ ಕಮ್ ಆನ್ ಮಂಡೇ’.

ಹೀಗೆ ದಿನಕ್ಕೆ ನಾಲ್ಕೇ ವಾಕ್ಯ ಬರೆಯಿರಿ. ಮೊದಲು ಮನೆಮಾತಿನ ಕನ್ನಡದಲ್ಲಿ, ಅದರ ಕೆಳಗೆ ನಿಷೇಧರೂಪದಲ್ಲಿ, ಅದರ ಕೆಳಗೆ ಇಂಗ್ಲಿಷಿನಲ್ಲಿ. ಮೊಬೈಲಿನ ಅನುವಾದಕ್ಕೆ ಕೊನೆಯಲ್ಲಿ ತೋರಿಸಿ; ಮೊದಲೇ ತೋರಿಸಿದರೆ ಅದು ಕಲಿಯುತ್ತದೆಯೇ ಹೊರತು ನೀವಲ್ಲ.

ಕೈ ಪಳಗಿದೆಯೇ ಎಂದು ನೋಡಿಕೊಳ್ಳಲು ಮೂರು ವಾಕ್ಯಗಳನ್ನು ಕೊಡುತ್ತೇನೆ. ‘ಹೊಸಪೇಟೆ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು’, ‘2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ’, ‘ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಾಗ ಅದರಲ್ಲಿ ಅಶೋಕ ಎಂಬ ಹೆಸರಿತ್ತು, ಅದಕ್ಕೂ ಮೊದಲು ಸಿಕ್ಕಿದ್ದ ಅವನ ಧರ್ಮಶಾಸನಗಳು ದೇವಾನಾಂಪ್ರಿಯ ಮೊದಲಾದ ಬಿರುದುಗಳನ್ನಷ್ಟೇ ಕೊಟ್ಟಿದ್ದವು’. ಮುಂದೆ ಓದುವ ಮೊದಲು ಕಾಗದದ ಮೇಲೆ ಬರೆದುಬಿಡಿ.

ಮೊದಲನೆಯದು ಮುಗಿದ ಸಂಗತಿ, ‘ಹೊಸಪೇಟೆ ವಾಸ್ ಇನ್ ಬಳ್ಳಾರಿ ಡಿಸ್ಟ್ರಿಕ್ಟ್ ಅಂಟಿಲ್ 2021’. ಎರಡನೆಯದರಲ್ಲಿ ಕನ್ನಡ ‘ಇದೆ’ ಎಂದರೂ ಶುರುವಾದ ಬಿಂದು ಇದೆ, ಆದ್ದರಿಂದ ‘ಇಟ್ ಹ್ಯಾಸ್ ಬೀನ್ ಇನ್ ವಿಜಯನಗರ ಡಿಸ್ಟ್ರಿಕ್ಟ್ ಸಿನ್ಸ್ 2021’. ಮೂರನೆಯದರಲ್ಲಿ ಶಾಸನ ಸಿಕ್ಕಿದ್ದು ಒಂದು ಭೂತಕಾಲ, ಅದರ ಹಿಂದೆ ಇನ್ನೊಂದು ಭೂತಕಾಲ ನಿಂತಿದೆ: ‘ದ ಮಸ್ಕಿ ಇನ್‌ಸ್ಕ್ರಿಪ್ಷನ್, ಫೌಂಡ್ ಇನ್ 1915, ಗೇವ್ ದ ನೇಮ್ ಅಶೋಕ, ದ ಎಡಿಕ್ಟ್ಸ್ ಫೌಂಡ್ ಅರ್ಲಿಯರ್ ಹ್ಯಾಡ್ ಗಿವನ್ ಓನ್ಲಿ ಹಿಸ್ ಟೈಟಲ್ಸ್’. ಈ ಒಂದು ‘ಹ್ಯಾಡ್’ಗೆ ‘ಯಾವುದರಷ್ಟರಲ್ಲಿ?’ ಎಂದು ಕೇಳಿದರೆ ಉತ್ತರ ಇದೆ: ಮಸ್ಕಿಯ ಕಲ್ಲು ಸಿಗುವಷ್ಟರಲ್ಲಿ.